ರಾಮಾಚಾರಿಯ ಬೆನ್ನ ಹಿಂದಿನ ದುರ್ಗ

ನಮಸ್ಕಾರ. ನಾನೀಗ ಚಿತ್ರದುರ್ಗದ ಕೋಟೆ ಮೇಲಿದ್ದೇನೆ, ಏಕನಾಥೇಶ್ವರಿ ಗುಡಿಯಿಂದ ಸ್ವಲ್ಪ ಆಚೆ. ಫೋನಿನಲ್ಲಿ ‘ನಾಗರಹಾವು’ ಚಿತ್ರದ ಒಂದು ದೃಶ್ಯ ನಿಲ್ಲಿಸಿಟ್ಟಿದ್ದೇನೆ. ಒಂದು ಕಣ್ಣು ಮುಚ್ಚಿ, ಫೋನಿನ ಬಂಡೆಯನ್ನು ಎದುರಿಗಿರುವ ಬಂಡೆಗೆ ಹೊಂದಿಸುತ್ತಿದ್ದೇನೆ. ಎರಡು ಹೆಜ್ಜೆ ಎಡಕ್ಕೆ. ಸ್ವಲ್ಪ ಬಗ್ಗಬೇಕು. ಹಾಂ, ಕೂತಿತು! ಬಂಡೆಯ ಬಿರುಕು ಸಹ ಅಲ್ಲೇ ಇದೆ.

ಈಗ ಫೋನ್ ಇಳಿಸುತ್ತೇನೆ, ನೋಡಿ. ದೂರದ ಗುಡ್ಡಗಳ ಸಾಲಿನಲ್ಲಿ ಬಿಳಿ ಗಾಳಿಯಂತ್ರಗಳು ತಿರುಗುತ್ತಿವೆ. 1972ರ ಚಿತ್ರದಲ್ಲಿ ಅಲ್ಲಿ ಬರೀ ಆಕಾಶ.

ತರಾಸು ಅವರ ಕಥೆ, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಆ ಕಾಲದಲ್ಲಿ ಕನ್ನಡ ಸಿನಿಮಾದ ಕೆಲಸ ಜಾಸ್ತಿ ನಡೆಯುತ್ತಿದ್ದದ್ದು ಮದ್ರಾಸಿನ ಸ್ಟುಡಿಯೊಗಳಲ್ಲಿ. ಅಲ್ಲೇ ಒಂದು ಪ್ಲೈವುಡ್ ಕೋಟೆ ಕಟ್ಟಿ ಮುಗಿಸಿಬಿಡಬಹುದಿತ್ತು. ಪುಟ್ಟಣ್ಣ ಕ್ಯಾಮೆರಾವನ್ನೇ ದುರ್ಗಕ್ಕೆ ತಂದರು. ನಮ್ಮೂರಿಗೆ ಎಷ್ಟು ದೊಡ್ಡ ಉಪಕಾರ ಅದು!

ನಮ್ಮ ದೊಡ್ಡಮ್ಮ ಕೋಟೆ ಕೆಳಗಿನ ಓಣಿಯಲ್ಲೇ ಬೆಳೆದವರು. ಟಿವಿಯಲ್ಲಿ ಈ ಸಿನಿಮಾ ಬಂದರೆ ಸಾಕು, ಕನ್ನಡಕ ಹಾಕಿಕೊಂಡು ಮುಂದೆ ಬಂದು ಕೂರುತ್ತಾರೆ. ನಾವೆಲ್ಲ ರಾಮಾಚಾರಿಯನ್ನು ನೋಡಿದರೆ, ಅವರು ರಾಮಾಚಾರಿಯ ಬೆನ್ನ ಹಿಂದೆ ನೋಡುತ್ತಾರೆ. "ತಡಿ, ತಡಿ, ಅಲ್ಲಿ ನಿಲ್ಸು" ಅನ್ನುತ್ತಾರೆ.

ಯಾಕೆ ಅಂತ ನನಗೆ ಅರ್ಥವಾಗಿದ್ದು ಅವರ ಮದುವೆ ಫೋಟೊ ನೋಡಿದಾಗ. ಸ್ಟುಡಿಯೊದಲ್ಲಿ ತೆಗೆಸಿದ್ದು. ಹಿಂದೆ ಪರದೆ, ಪರದೆ ಮೇಲೆ ಬಣ್ಣದಲ್ಲಿ ಬರೆದ ಕೊಳ, ಕೊಳದಲ್ಲಿ ಎರಡು ಹಂಸ. ದುರ್ಗದ ಹುಡುಗಿಯ ಫೋಟೊದಲ್ಲಿ ದುರ್ಗದ ಒಂದು ಕಲ್ಲೂ ಇಲ್ಲ! ಆಗ ಮನೆಮನೆಯಲ್ಲಿ ಕ್ಯಾಮೆರಾ ಎಲ್ಲಿತ್ತು ಹೇಳಿ. ಓಣಿಯ ಫೋಟೊ ಯಾರು ತೆಗೆಯುತ್ತಿದ್ದರು? ಕೋಟೆಯನ್ನು ಪುರಾತತ್ವ ಇಲಾಖೆ ಕಾಯುತ್ತದೆ. ದೊಡ್ಡಮ್ಮನ ಹೆಂಚಿನ ಮನೆ, ಸಂಜೆ ಎಲ್ಲರೂ ಕೂರುತ್ತಿದ್ದ ಜಗಲಿ, ಅವನ್ನು ಯಾರೂ ಕಾಯಲಿಲ್ಲ. ಈಗ ಅಲ್ಲಿ ಮೂರಂತಸ್ತಿನ ಕಟ್ಟಡ. ಅವರು ಹುಡುಗಿಯಾಗಿದ್ದಾಗಿನ ದುರ್ಗದ ಬೆಳಕು, ಬಿಸಿಲು ಉಳಿದಿರುವುದು ಆ ಸಿನಿಮಾದಲ್ಲಿ ಮಾತ್ರ. ಅದೂ ಹೀರೋ ಹಿಂದೆ, ಸುಮ್ನೆ ಬಂದು ಬಿದ್ದದ್ದು.

ಒಂದು ಮಾತ್ರ ಅದರಲ್ಲಿ ಸಿಗುವುದಿಲ್ಲ. ಹೊರಗೆ ಚಿತ್ರೀಕರಿಸಿದ ದೃಶ್ಯಗಳ ಮಾತನ್ನು ಆಗೆಲ್ಲ ಸಾಮಾನ್ಯವಾಗಿ ಆಮೇಲೆ ಸ್ಟುಡಿಯೊದಲ್ಲಿ ಡಬ್ ಮಾಡುತ್ತಿದ್ದರು. ಹಾಗಾಗಿ ಈ ಗುಡ್ಡದ ಗಾಳಿಯ ಸದ್ದು ಅಲ್ಲಿಲ್ಲ. ದೊಡ್ಡಮ್ಮನಿಗೆ ಮಂಡಿ ನೋವು, ಇಲ್ಲಿಗೆ ಹತ್ತಿ ಬರೋದಕ್ಕೆ ಆಗೋದಿಲ್ಲ. ಅವರಿಗೆ ಕೇಳಿಸೋಣ ಅಂತ ಮೈಕನ್ನು ಬಂಡೆ ಸಂದಿಯಲ್ಲಿ ಇಟ್ಟಿದ್ದೇನೆ. ಇನ್ನೊಂದು ನಿಮಿಷ ನಾನು ಮಾತಾಡೋದಿಲ್ಲ.