ನೆಲದ ಮೇಲೆ ಕೂರದವರು ಅಂಗನವಾಡಿ ಟೀಚರಿಗೆ ಏನು ಕಲಿಸುತ್ತಾರೆ?

ನಮಸ್ಕಾರ, ಎಲ್ಲರಿಗೂ. ಇವತ್ತು ಮಕ್ಕಳ ಹಲ್ಲಿನ ಬಗ್ಗೆ ಮಾತಾಡೋಣ ಅಂತ ಬರೆದಿಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಹೋದ ವಿಡಿಯೋ ಕೆಳಗೆ ಒಬ್ಬರು ಹೀಗೆ ಕೇಳಿದ್ದಾರೆ: "ಮೇಡಂ, ಅಂಗನವಾಡಿ ಮತ್ತು ಪ್ರಿಸ್ಕೂಲ್ ಟೀಚರ್‌ಗಳಿಗೆ ಟ್ರೈನಿಂಗ್ ಕೊಡೋ ಸರ್ಟಿಫಿಕೇಟ್ ಬೇಗ ಎಲ್ಲಿ ಸಿಗುತ್ತೆ? ಮಕ್ಕಳ ಜೊತೆ ಕೆಲಸ ಮಾಡಿಲ್ಲ. ಆದರೆ ಮಾತು ಚೆನ್ನಾಗಿ ಬರುತ್ತೆ."

ಮಾತು ಚೆನ್ನಾಗಿ ಬರುತ್ತೆ. ಇದನ್ನು ಓದಿ ನನಗೆ ನಿದ್ದೆ ಬರಲಿಲ್ಲ.

ಅವರನ್ನು ಬೈಯ್ಯುತ್ತಿಲ್ಲ. ಈಗ ಆ ಕೆಲಸಕ್ಕೆ ಬೇಡಿಕೆ ಇದೆ, ಅದಕ್ಕೇ ಕೇಳುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಮುಗಿಸಿದ ಅಂಗನವಾಡಿ ಕಾರ್ಯಕರ್ತೆಗೆ 6 ತಿಂಗಳ ಸರ್ಟಿಫಿಕೇಟ್ ಕೋರ್ಸ್, ಅದಕ್ಕಿಂತ ಕಡಿಮೆ ಓದಿದವರಿಗೆ 1 ವರ್ಷದ ಡಿಪ್ಲೊಮಾ ಕೊಡಬೇಕು ಅಂತ ಹೇಳಿತು. 2023ರಲ್ಲಿ 'ಪೋಷಣ್ ಭೀ ಪಢಾಯಿ ಭೀ' ಬಂತು, ಅಂದರೆ ಪೋಷಣೆಯ ಜೊತೆ ಪಾಠವೂ ಇರಲಿ ಅಂತ ಕಾರ್ಯಕರ್ತೆಯರಿಗೆ ತರಬೇತಿ ಕೊಡುವ ಕೇಂದ್ರ ಸರ್ಕಾರದ ಕಾರ್ಯಕ್ರಮ. ಕಲಿಯಬೇಕಾದವರು ಇಷ್ಟು ಜನ ಇರುವಾಗ ಕಲಿಸುವವರೂ ಬೇಕಲ್ವಾ? ಬೇಕು. ಆದರೆ ಕಲಿಸುವವರು ಮೊದಲು ನೆಲದ ಮೇಲೆ ಕೂತಿರಬೇಕು. ಮೂರು ವರ್ಷದ ಇಪ್ಪತ್ತು ಮಕ್ಕಳ ಮಧ್ಯೆ, ಚಾಪೆ ಮೇಲೆ, ದಿನಾ. ನಾನು ಹೇಳಬೇಕಾಗಿರುವುದು ಇದೊಂದೇ.

ನಾನು ಹನ್ನೊಂದು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದೆ. ಒಂದು ಸಲ ನಮಗೆ ತಾಲ್ಲೂಕಿನಲ್ಲಿ ತರಬೇತಿ ಇತ್ತು. ತರಬೇತಿ ಕೊಡೋಕೆ ಸಂಪನ್ಮೂಲ ವ್ಯಕ್ತಿಯಾಗಿ ಬಂದವರು ಒಳ್ಳೆ ಮನುಷ್ಯರೇ. ಗೋಡೆ ಮೇಲೆ ಸ್ಲೈಡ್ ಬಿಟ್ಟು 'ಸೂಕ್ಷ್ಮ ಸ್ನಾಯು ಬೆಳವಣಿಗೆ' ಅಂತ, ಅಂದರೆ ಮಗುವಿನ ಬೆರಳುಗಳಿಗೆ ಹಿಡಿತ ಬರುವುದರ ಬಗ್ಗೆ, ಓದುತ್ತಿದ್ದರು. ನನ್ನ ಪಕ್ಕದ ಹುಡುಗಿ ಎದ್ದು ನಿಂತಳು, ಹೊಸಬಳು. "ಸರ್, ನಮ್ಮ ಕೇಂದ್ರದಲ್ಲಿ ಒಂದು ಮಗು ಹದಿನೈದು ದಿನದಿಂದ ಬಾಗಿಲು ಹಿಡಿದುಕೊಂಡು ಅಳ್ತಿದೆ. ಒಳಗೆ ಬರಲ್ಲ, ಮನೆಗೂ ಹೋಗಲ್ಲ. ಏನು ಮಾಡಲಿ?" ಅವರು ಸ್ಲೈಡ್ ನೋಡಿದರು, ಕೈಯಲ್ಲಿದ್ದ ಹಾಳೆ ನೋಡಿದರು. "ಅದು ಮುಂದಿನ ಸೆಷನ್‌ನಲ್ಲಿ ಬರುತ್ತೆ ಅಮ್ಮ, ಕೂತ್ಕೊಳ್ಳಿ" ಅಂದರು.

ಬರಲೇ ಇಲ್ಲ.

ಉತ್ತರ ಸಿಕ್ಕಿದ್ದು ಊಟದ ಸಾಲಿನಲ್ಲಿ. ಇಪ್ಪತ್ತು ವರ್ಷ ಸರ್ವಿಸ್ ಆಗಿದ್ದ ಒಬ್ಬ ಅಕ್ಕ ತಟ್ಟೆ ಹಿಡಿದುಕೊಂಡೇ ಹೇಳಿದರು: "ಬಾಗಿಲು ಬಿಡಿಸಬೇಡ ಕಣೇ. ಬಾಗಿಲಲ್ಲೇ ಕೆಲಸ ಕೊಡು. ಮಕ್ಕಳ ಚಪ್ಪಲಿ ಜೋಡಿಸೋಕೆ ಹೇಳು." ಆ ಹುಡುಗಿ ಹಾಗೇ ಮಾಡಿದಳು. ಮಗು ಮೊದಲ ದಿನ ಅಳುತ್ತಲೇ ಚಪ್ಪಲಿ ಜೋಡಿಸಿತಂತೆ. ನಾಲ್ಕನೇ ದಿನ ಇದು ಯಾರ ಚಪ್ಪಲಿ ಅಂತ ಕೇಳುವುದಕ್ಕೆ ತಾನೇ ಒಳಗೆ ಬಂತಂತೆ. ಎಡಕ್ಕೆ ಎಡ, ಬಲಕ್ಕೆ ಬಲ, ದೊಡ್ಡದು, ಚಿಕ್ಕದು. ಲೆಕ್ಕದ ಮೊದಲ ಪಾಠ ಅಲ್ಲೇ ಆಗಿಹೋಯಿತು! ಸೂಕ್ಷ್ಮ ಸ್ನಾಯು ಕೂಡ ಅಲ್ಲೇ, ಬಕಲ್ ಹಾಕುವುದರಲ್ಲಿ.

ಈಗ ಹೇಳಿ, ಸ್ಲೈಡ್ ಓದಿದ ಸರ್, ಊಟದ ಸಾಲಿನ ಅಕ್ಕ, ಇಬ್ಬರಲ್ಲಿ ಟ್ರೈನರ್ ಯಾರು? ಆ ಅಕ್ಕ ಓದಿದ್ದು ಎಸ್ಸೆಸ್ಸೆಲ್ಸಿ. ಅವರನ್ನು ವೇದಿಕೆಗೆ ಯಾರೂ ಕರೆಯಲಿಲ್ಲ.

"ಹಾರ್ಟ್ ಡಾಕ್ಟರ್‌ಗೆ ಹಾರ್ಟ್ ಪ್ರಾಬ್ಲಂ ಬಂದಿರಬೇಕಾ?" ಅಂತ ಒಬ್ಬರು ವಾದ ಮಾಡಿದ್ದಾರೆ. ಬಂದಿರಬೇಕಾಗಿಲ್ಲ ಸ್ವಾಮಿ, ರೋಗಿಯ ನಾಡಿಯನ್ನಾದರೂ ಹಿಡಿದಿರಬೇಕಲ್ವಾ? ಇನ್ನೊಬ್ಬರು "ಎಲ್ಲ ಪುಸ್ತಕದಲ್ಲಿದೆ" ಅನ್ನುತ್ತಾರೆ. ಪುಸ್ತಕ ಬೇಕು. ಅಂಗನವಾಡಿ ಮಕ್ಕಳಿಗೆ ಏನು ಕಲಿಸಬೇಕು ಅಂತ ಹೇಳುವ ನಮ್ಮ ರಾಜ್ಯದ 'ಚಿಲಿಪಿಲಿ' ಇದೆ, ಕೇಂದ್ರ ಸರ್ಕಾರದ 'ಆಧಾರಶಿಲಾ' ಇದೆ, ಎರಡನ್ನೂ ನಾನು ಪಕ್ಕದಲ್ಲಿಟ್ಟುಕೊಂಡೇ ಕೆಲಸ ಮಾಡುತ್ತೇನೆ. ಆದರೆ ಕಥೆಯ ಮಧ್ಯೆ ಒಂದು ಮಗು ಚಡ್ಡಿ ಒದ್ದೆ ಮಾಡಿಕೊಂಡರೆ, ಉಳಿದವರು ನಗದ ಹಾಗೆ ಅದನ್ನು ಹೊರಗೆ ಕರೆದುಕೊಂಡು ಹೋಗುವುದು ಹೇಗೆ? ಅದು ಗೊತ್ತಾಗುವುದು ಕೂತವರಿಗೆ ಮಾತ್ರ.

ಗಿಜುಭಾಯಿ ಬಧೇಕಾ ಅವರನ್ನು ನೋಡಿ. ಗುಜರಾತಿನವರು, ವಕೀಲರು. ಮಾತು ಅವರಿಗಿಂತ ಚೆನ್ನಾಗಿ ಯಾರಿಗೆ ಬರಬೇಕಿತ್ತು? 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಶುರುಮಾಡಿ ಮಕ್ಕಳ ಜೊತೆ ಕೂತರು. ಶಿಕ್ಷಕರಿಗೆ ತರಬೇತಿ ಕೊಡುವ ಅಧ್ಯಾಪನ ಮಂದಿರ ಬಂದಿದ್ದು 1925ರಲ್ಲಿ. ಜನ ಅವರನ್ನು 'ಮೀಸೆಯ ಅಮ್ಮ' ಅಂತ ಕರೆದರು. ಮೊದಲು ಅಮ್ಮ ಆದರು, ಆಮೇಲೆ ಗುರು. ಅವರೇ ಮಕ್ಕಳ ಜೊತೆ ಅಷ್ಟು ವರ್ಷ ಕೂತರು, ನಾವು ವಾರದಲ್ಲಿ ಮುಗಿಸಬೇಕಾ?

ನಡುವೆ ಒಂದು ಮಾತು. ಈ ಭಾನುವಾರ ಸಂಜೆ ಏಳಕ್ಕೆ ಲೈವ್ ಇದೆ. ಮೊದಲ ತಿಂಗಳು ಅಳುವ ಮಕ್ಕಳ ಬಗ್ಗೆಯೇ ಪೂರ್ತಿ. ನಿಮ್ಮ ಸರ್ಕಲ್‌ನ, ಅಂದರೆ ಒಬ್ಬ ಮೇಲ್ವಿಚಾರಕಿಯ ಕೆಳಗಿನ ಕೇಂದ್ರಗಳ, ಟೀಚರ್‌ಗಳಿಗೆಲ್ಲ ಕಳಿಸಿ, ಸಬ್‌ಸ್ಕ್ರೈಬ್ ಆಗಿ.

"ಅಷ್ಟು ಅನುಭವ ಇರುವ ಟ್ರೈನರ್‌ಗಳನ್ನು ಎಲ್ಲಿಂದ ತರೋದು?" ಅಂತ ಕೇಳುತ್ತಾರೆ. ಎಲ್ಲಿಂದಲೂ ತರಬೇಕಾಗಿಲ್ಲ! 1975ರ ಅಕ್ಟೋಬರ್ 2ರಂದು ಐಸಿಡಿಎಸ್, ಅಂದರೆ ಅಂಗನವಾಡಿಗಳನ್ನು ನಡೆಸುವ ಯೋಜನೆ, ಶುರುವಾದಾಗ ದೇಶದ 33 ಬ್ಲಾಕ್‌ಗಳಲ್ಲಿ ಮೈಸೂರು ಜಿಲ್ಲೆಯ ನಮ್ಮ ಟಿ. ನರಸೀಪುರವೂ ಒಂದು. ಐವತ್ತು ವರ್ಷದ ಅನುಭವ ನಮ್ಮ ರಾಜ್ಯದಲ್ಲೇ ಇದೆ. ಈಗ ಹತ್ತಿರ ಹತ್ತಿರ 70 ಸಾವಿರ ಕೇಂದ್ರಗಳಿವೆ. ಸರ್ಕಲ್‌ಗೆ ಒಬ್ಬ ಹಿರಿಯ ಅಕ್ಕನನ್ನು ಹುಡುಕಿ. ಅವರಿಗೆ ಸರ್ಟಿಫಿಕೇಟ್ ಕೊಡಿ, ಗೌರವಧನ ಕೊಡಿ, ಮೈಕ್ ಕೊಡಿ. ಈಗ 'ಪೋಷಣ್ ಭೀ ಪಢಾಯಿ ಭೀ'ಯಲ್ಲಿ ದೆಹಲಿಯ ಸಂಸ್ಥೆ ರಾಜ್ಯದ ಮಾಸ್ಟರ್ ಟ್ರೈನರ್‌ಗಳಿಗೆ ಕಲಿಸುತ್ತದೆ, ಅವರು ಬಂದು ಕಾರ್ಯಕರ್ತೆಯರಿಗೆ 3 ದಿನ ಹೇಳುತ್ತಾರೆ. ನಾಲೆ ನೀರು ಕೊನೆಯ ಗದ್ದೆಗೆ ಎಷ್ಟು ಬರುತ್ತೆ ಅಂತ ನಮ್ಮ ಮಂಡ್ಯದ ಕಡೆ ರೈತರನ್ನು ಕೇಳಿ.

ಇನ್ನೇನೋ ನಾಲ್ಕು ಪಾಯಿಂಟ್ ಬರೆದುಕೊಂಡಿದ್ದೆ. ಬಿಡಿ, ಎಲ್ಲ ಅದೇ. ಕೂರಬೇಕು. ಕೂರಲೇಬೇಕು ರೀ!

ಕಾಮೆಂಟ್ ಹಾಕಿದವರೇ, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ ನಿಮ್ಮೂರ ಅಂಗನವಾಡಿಗೆ ಹೋಗಿ. "ಟೀಚರ್, ಒಂದು ತಿಂಗಳು ನಿಮ್ಮ ಜೊತೆ ಇರ್ತೀನಿ, ಕೆಲಸ ಹೇಳಿ" ಅಂತ ಕೇಳಿ. ಕುರ್ಚಿ ಕೊಟ್ಟರೆ ಬೇಡ ಅನ್ನಿ. ತಿಂಗಳಾದ ಮೇಲೆ ಇಲ್ಲೇ ಒಂದು ಕಾಮೆಂಟ್ ಹಾಕಿ. ಸರ್ಟಿಫಿಕೇಟ್‌ಗೆ ಎಲ್ಲಿ ಅರ್ಜಿ ಹಾಕೋದು ಅಂತ ನಾವಿಬ್ಬರೂ ಕೂತು ನೋಡೋಣ.