ಬಸುರಿಗೆ ಈಜು ಬೇಡವೇ?

ಕೇಳುಗರಿಗೆ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಅಕ್ಕತಂಗಿಯರ ಜೊತೆ ಇವತ್ತು ಈಜಿನ ಬಗ್ಗೆ ಮಾತಾಡಬೇಕು. ಅದೂ ಬಸುರಿಯರ ಈಜು. ಅತ್ತೆಯವರು ಅಲ್ಲೇ ಕೂತಿದ್ದರೆ ರೇಡಿಯೋ ದನಿ ಸ್ವಲ್ಪ ಜಾಸ್ತಿ ಮಾಡಿ. ಈ ವಿಷಯದಲ್ಲಿ ಮೊದಲು ಒಪ್ಪಬೇಕಾದವರು ಅವರೇ ಅಲ್ವಾ?

ಬಸುರಿ ನೀರಿಗೆ ಇಳಿಯುತ್ತಾಳೆ ಅಂದರೆ ನಮ್ಮ ಕಡೆ ಮನೆಮಂದಿಯೆಲ್ಲ ಗಾಬರಿಯಾಗುತ್ತಾರೆ. ಕುಬಸಕ್ಕೆ ಕೂರಿಸಿ ತಟ್ಟೆ ತುಂಬ ಬಡಿಸಲು ಎಲ್ಲರೂ ಮುಂದೆ. ಮೈ ಆಡಿಸುವ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಹಾಗಂತ ಆ ಗಾಬರಿ ಸುಮ್ನೆ ಬಂದದ್ದೂ ಅಲ್ಲ. ನಮ್ಮ ಹಿರಿಯರು ಈಜಿದ್ದು ಹೊಲದ ಬಾವಿಯಲ್ಲಿ, ಕೆರೆಯಲ್ಲಿ, ಭೀಮಾ ನದಿಯಲ್ಲಿ. ಪಾಚಿ ಕಟ್ಟಿದ ಮೆಟ್ಟಿಲು, ತಳ ಕಾಣದ ಮಡು. ಅಲ್ಲಿಗೆ ಬಸುರಿ ಹೋಗಬಾರದು ಅಂತ ನಾನೂ ಹೇಳುತ್ತೇನೆ. ದನ ಮೈ ತೊಳೆದ ನೀರಿನಿಂದ ಸೋಂಕು ತಗಲಬಹುದು, ಕಾಲು ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ. ನಾನು ಹೇಳುತ್ತಿರುವುದು ಪೇಟೆಯ ಈಜುಕೊಳದ ವಿಷಯ. ತಳ ಕಾಣುವ ನೀರು, ಕ್ಲೋರಿನ್ ಹಾಕಿರಬೇಕು, ಇಳಿಯಲು ಹಿಡಿಕೆ ಇರಬೇಕು, ದಡದಲ್ಲಿ ಕಾವಲಿಗೆ ಒಬ್ಬರು ಇರಬೇಕು.

ಏಳು, ಎಂಟು ತಿಂಗಳ ಹೊತ್ತಿಗೆ ಬಸುರಿಯ ಕಷ್ಟ ಏನು? ಸೊಂಟ ನೋವು, ಪಾದ ಬಾವು, ನಾಲ್ಕು ಹೆಜ್ಜೆಗೆ ಏದುಸಿರು. ಈ ಹೊತ್ತಿನಲ್ಲಿ ನೀರು ಮಾಡುವ ಉಪಕಾರ ದೊಡ್ಡದು. ಸೊಂಟದ ಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲಿನ ಮೈಭಾರ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎದೆಮಟ್ಟದ ನೀರಿನಲ್ಲಿ ಉಳಿಯುವುದು ಸುಮಾರು ಮೂರರಲ್ಲಿ ಒಂದು ಪಾಲು. 60 ಕಿಲೋ ತೂಗುವವಳ ಮಂಡಿಗೆ 20 ಕಿಲೋದಷ್ಟೇ ಹೊರೆ. ನೀರು ಸುತ್ತಲಿಂದ ಒತ್ತುವುದರಿಂದ ಪಾದದಲ್ಲಿ ನಿಂತ ಬಾವಿನ ನೀರು ಮತ್ತೆ ರಕ್ತನಾಳಕ್ಕೆ ಸೇರುತ್ತದೆ, ಮೂತ್ರವಾಗಿ ಹೊರಗೆ ಹೋಗುತ್ತದೆ. ಈಜಿದ ಮೇಲೆ ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸಿದರೆ ಗಾಬರಿ ಬೇಡ.

ಕೊಳದ ನೀರು ಮಗುವಿಗೆ ತಾಗುತ್ತದೆಯೇ ಅಂತ ಕೇಳುವವರು ಬಹಳ. ಇಲ್ಲ. ಗರ್ಭಕೋಶದ ಬಾಯಿಗೆ ಗಟ್ಟಿ ಲೋಳೆಯ ಮುಚ್ಚಳ ಇರುತ್ತದೆ, ಒಳಗೆ ಮಗು ತನ್ನದೇ ನೀರಿನ ಚೀಲದಲ್ಲಿ ಇರುತ್ತದೆ. ಕ್ಲೋರಿನ್ ಕೂಡ ಹದವಾಗಿದ್ದರೆ ಭಯವಿಲ್ಲ. ಮೂಗಿಗೆ ಘಾಟು ಹೊಡೆಯುವ ಕೊಳದಲ್ಲಿ ಮಾತ್ರ ಇಳಿಯಬೇಡಿ. ಆ ಘಾಟು ಏಳುವುದು ಕ್ಲೋರಿನ್ ಜೊತೆ ಬೆವರು, ಮೂತ್ರ ಬೆರೆತಾಗ.

ಮೊದಲು ವೈದ್ಯರನ್ನು ಕೇಳಿ. ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರುವವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಏರಿದವರು, ಹೃದಯದ ತೊಂದರೆ ಇರುವವರು ಇಳಿಯುವುದು ಬೇಡ. ರಕ್ತ ತೀರಾ ಕಡಿಮೆ ಇರುವವರು ಕೂಡ. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟು ಅಂತ ನೋಡಿ. 7ಕ್ಕಿಂತ ಕೆಳಗಿದ್ದರೆ ಈಜಿನ ಮಾತು ಬಿಟ್ಟು ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಪ್ರತಿ ತಿಂಗಳ 9ನೇ ತಾರೀಕು ಸರಕಾರಿ ದವಾಖಾನೆಯಲ್ಲಿ ಬಸುರಿಯರ ತಪಾಸಣೆ ಪುಕ್ಕಟೆ ನಡೆಯುತ್ತದೆ. ಅಲ್ಲೇ ಕೇಳಬಹುದು.

ಬಟ್ಟೆಯ ವಿಷಯಕ್ಕೆ ನಾಚಿಕೆ ಬೇಡ. ಹತ್ತಿಯ ಚೂಡಿದಾರ, ನೈಟಿ ಹಾಕಿ ಇಳಿಯುವವರನ್ನು ಕಂಡಿದ್ದೇನೆ. ಅವು ನೀರು ಕುಡಿದು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತವೆ. ಮೈ ಮುಚ್ಚುವ, ಮೈಗೆ ಹತ್ತುವ ನೈಲಾನ್ ಉಡುಪು ಸಿಗುತ್ತದೆ, ಅದೇ ಸರಿ. ಹೆಂಗಸರಿಗೇ ಬೇರೆ ಹೊತ್ತು ಇಟ್ಟಿದ್ದಾರಾ ಅಂತ ವಿಚಾರಿಸಿ.

ಈಜುವಾಗ ಪಕ್ಕದವಳ ಜೊತೆ ಮಾತಾಡುವಷ್ಟು ಉಸಿರು ಉಳಿದಿರಬೇಕು. ಮಾತು ತುಂಡಾಗುತ್ತಿದೆ ಅಂದರೆ ವೇಗ ಇಳಿಸಿ. ಕಪ್ಪೆ ಈಜಿನಲ್ಲಿ ತೊಡೆಸಂದು ನೋವಾದರೆ ಆ ಒದೆತ ಬಿಟ್ಟುಬಿಡಿ. ಅಂಗಾತ ಈಜಿದಾಗ ತಲೆ ಸುತ್ತಿದರೆ ಮಗ್ಗುಲಾಗಿ. ಮೇಲಿಂದ ಧುಮುಕುವುದು, ಜಾರುಬಂಡಿ ಬೇಡವೇ ಬೇಡ. ಈಜು ಬಾರದವರು ಈಗ ಹೊಸದಾಗಿ ಕಲಿಯುವುದಕ್ಕಿಂತ ಗೋಡೆ ಹಿಡಿದು ಎದೆಮಟ್ಟದ ನೀರಿನಲ್ಲಿ ನಡೆದರೂ ಸಾಕು. ಹೇಳಿದೆನಲ್ಲ, ಭಾರ ಹೊರುವುದು ನೀರು.

ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲಿ 42, 43 ಡಿಗ್ರಿ. ತೆರೆದ ಕೊಳದ ನೀರೂ ಮಧ್ಯಾಹ್ನಕ್ಕೆ ಬೆಚ್ಚಗಾಗುತ್ತದೆ. ಬಸುರಿಯ ಮೈ ಬಿಸಿ ಏರಬಾರದು, ಮೊದಲ ಮೂರು ತಿಂಗಳಂತೂ ಏರಲೇಬಾರದು. ಆದ್ದರಿಂದ ಬೆಳಗ್ಗೆ ಬೇಗ ಹೋಗಿ. ನೀರೊಳಗೂ ಬೆವರುತ್ತೇವೆ, ಅದು ಗೊತ್ತಾಗುವುದಿಲ್ಲ ಅಷ್ಟೆ. ಒಂದು ಬಾಟಲಿ ಮಜ್ಜಿಗೆ ದಡದಲ್ಲಿ ಇಟ್ಟಿರಿ.

ಕೊಳವೇ ಇಲ್ಲದ ಊರಿನವರು ಏನು ಮಾಡಬೇಕು? ನಡೆಯಿರಿ. ತೊಂದರೆ ಇಲ್ಲದ ಬಸುರಿಗೆ ವಾರಕ್ಕೆ 150 ನಿಮಿಷದ ಹದವಾದ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ತಂಪು ಹೊತ್ತಿನಲ್ಲಿ ದಿನಕ್ಕೆ ಅರ್ಧ ತಾಸು ನಡೆದರೆ ಐದು ದಿನಕ್ಕೆ ಅಷ್ಟಾಯಿತು. ಆದರೆ ದಿನವಿಡೀ ತೊಗರಿ ಹೊಲದಲ್ಲಿ ಬಗ್ಗಿ ಬಂದ ತಾಯಿಗೆ ವ್ಯಾಯಾಮ ಮಾಡವ್ವ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆಕೆಗೆ ಬೇಕಾದದ್ದು ವಿಶ್ರಾಂತಿ, ಹೊಟ್ಟೆ ತುಂಬ ಊಟ. ಮನೆಯವರು ಕೇಳಿಸಿಕೊಳ್ಳಲಿ.

ಇನ್ನೊಂದು ಮಾತು. ರಕ್ತ ಕಂಡರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ, ಎದೆ ನೋವು ಬಂದರೆ, ಕಣ್ಣು ಮಂಜಾದರೆ, ಮಗುವಿನ ಆಟ ಕಡಿಮೆ ಅನ್ನಿಸಿದರೆ ತಕ್ಷಣ ಮೇಲೆ ಬಂದು ದವಾಖಾನೆಗೆ ಹೋಗಿ. ಕೊಳದಲ್ಲಿ ಇರುವಾಗ ನೆತ್ತಿನೀರು, ಅಂದರೆ ಮಗುವಿನ ಸುತ್ತಲಿನ ಚೀಲದ ನೀರು, ಒಡೆದರೂ ತಿಳಿಯುವುದು ಕಷ್ಟ. ಮೈ ಒರೆಸಿ ಒಣ ಬಟ್ಟೆ ಉಟ್ಟ ಮೇಲೂ ಕೆಳಗೆ ತೊಟ್ಟಿಕ್ಕುತ್ತಲೇ ಇದ್ದರೆ ಅದು ಕೊಳದ ನೀರಲ್ಲ ಅಂತ ತಿಳಿದು 108ಕ್ಕೆ ಫೋನ್ ಮಾಡಿ. ಮನೆಗೆ ಹೋಗಿ ನೋಡೋಣ ಅನ್ನಬೇಡಿ. ನಮಸ್ಕಾರ.