ಗಂಡ ಹೆಂಡತಿಯನ್ನು ನೋಡಿಕೊಂಡರೆ ಅದು ಆರೈಕೆ ಅಲ್ವಾ?

ನಮಸ್ಕಾರ ಸ್ನೇಹಿತರೇ. ಕೌನ್ಸಿಲ್ ಟ್ಯಾಕ್ಸ್, ಅಂದರೆ ಇಂಗ್ಲೆಂಡಿನಲ್ಲಿ ಊರಿನ ಆಡಳಿತಕ್ಕೆ (ಕೌನ್ಸಿಲ್‌ಗೆ) ಕಟ್ಟುವ ಮನೆ ತೆರಿಗೆ, ಅದರ ಬಗ್ಗೆ ಹೋದ ವಾರ ಮಾಡಿದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಹೆಂಡತಿಯನ್ನು ನೋಡಿಕೊಳ್ಳುವುದು ಗಂಡನ ಕರ್ತವ್ಯ. ಅದಕ್ಕೂ ಡಿಸ್ಕೌಂಟ್ ಬೇಕಾ?" ಅದಕ್ಕೆ ಲೈಕ್ ಒತ್ತಿದವರೂ ಇದ್ದಾರೆ. ಓದಿ ಮೈಯೆಲ್ಲಾ ಉರಿಯಿತು. ಅದಕ್ಕೇ ಇವತ್ತು ಇದೊಂದೇ ವಿಷಯ.

ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಮೊದಲು ನಿಯಮ ಹೇಳುತ್ತೇನೆ. ಇಲ್ಲಿ ಬಾಡಿಗೆಗೆ ಇರುವವರೂ ಕೌನ್ಸಿಲ್ ಟ್ಯಾಕ್ಸ್ ಕಟ್ಟಬೇಕು. ಮನೆಯಲ್ಲಿ ಇಬ್ಬರು ದೊಡ್ಡವರು ಇದ್ದಾರೆ ಅನ್ನುವ ಲೆಕ್ಕದಲ್ಲಿ ಪೂರ್ತಿ ಬಿಲ್ ಬರುತ್ತದೆ. ಒಬ್ಬರೇ ಇದ್ದರೆ ಶೇಕಡಾ 25 ಕಡಿಮೆ. ಕೆಲವರು ಮನೆಯಲ್ಲೇ ಇದ್ದರೂ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಜೊತೆಯಲ್ಲೇ ಇದ್ದು ಆರೈಕೆ ಮಾಡುವವರೂ ಆ ಪಟ್ಟಿಯಲ್ಲಿದ್ದಾರೆ. ವಾರಕ್ಕೆ ಕನಿಷ್ಠ 35 ಗಂಟೆ ನೋಡಿಕೊಳ್ಳಬೇಕು. ಕಾಯಿಲೆಯವರಿಗೆ ಅಟೆಂಡೆನ್ಸ್ ಅಲೋವೆನ್ಸ್ ಥರದ ಸರ್ಕಾರಿ ಭತ್ಯೆ ಬರುತ್ತಿರಬೇಕು. ನಿಮ್ಮ ಸಂಬಳ ಎಷ್ಟು, ಉಳಿತಾಯ ಎಷ್ಟು ಅಂತ ಕೇಳುವುದಿಲ್ಲ. ಇಲ್ಲಿಯವರೆಗೆ ಒಳ್ಳೆಯ ನಿಯಮವೇ.

ಆಮೇಲೆ ಒಂದು ಸಾಲು ಬರುತ್ತದೆ. ಆರೈಕೆ ಮಾಡುವವರು ಆ ವ್ಯಕ್ತಿಯ ಗಂಡ, ಹೆಂಡತಿ ಅಥವಾ ಸಂಗಾತಿ ಆಗಿರಬಾರದು!

ಇದು ಮನೆಯೊಳಗೆ ಹೇಗೆ ಕೂರುತ್ತದೆ ನೋಡಿ. ಅಮ್ಮನಿಗೆ ಸ್ಟ್ರೋಕ್ ಆಗಿದೆ. ಮಗ ಜೊತೆಯಲ್ಲಿದ್ದು ಸ್ನಾನ ಮಾಡಿಸುತ್ತಾನೆ, ಊಟ ಮಾಡಿಸುತ್ತಾನೆ, ರಾತ್ರಿ ಎದ್ದು ಮಗ್ಗುಲು ಬದಲಿಸುತ್ತಾನೆ. ಅವನನ್ನು ಲೆಕ್ಕದಿಂದ ಬಿಡುತ್ತಾರೆ. ಬಿಲ್ ಕಾಲು ಭಾಗ ಇಳಿಯುತ್ತದೆ. 2025–26ರಲ್ಲಿ ಇಂಗ್ಲೆಂಡಿನಲ್ಲಿ ಬ್ಯಾಂಡ್ ಡಿ (ಮನೆಯ ಬೆಲೆ ನೋಡಿ ಮಾಡಿದ ತೆರಿಗೆ ವರ್ಗಗಳಲ್ಲಿ ಒಂದು) ಮನೆಯ ಸರಾಸರಿ ಬಿಲ್ 2,280 ಪೌಂಡ್. ಅಂದರೆ ವರ್ಷಕ್ಕೆ 570 ಪೌಂಡ್ ಉಳಿತಾಯ. ಈಗ ಮಗನ ಜಾಗದಲ್ಲಿ ಎಂಬತ್ತರ ಅಪ್ಪನನ್ನು ಇಡಿ. ಅದೇ ಅಮ್ಮ, ಅದೇ ಸ್ನಾನ, ಅದೇ ರಾತ್ರಿ. ಉಳಿತಾಯ ಸೊನ್ನೆ. ಮಗನಿಗಿಂತ ಅಪ್ಪನ ಬೆನ್ನು ಜಾಸ್ತಿ ನೋಯುತ್ತದೆ, ಅಲ್ವಾ?

"ಅಮ್ಮನಿಗೆ ಡಿಮೆನ್ಶಿಯಾ ಇದ್ದರೆ ಡಿಸ್ಕೌಂಟ್ ಸಿಗುತ್ತದಲ್ಲ?" ಅಂತ ಕೇಳಬಹುದು. ಡಾಕ್ಟರ ಸರ್ಟಿಫಿಕೇಟ್ ಇದ್ದರೆ ಅಮ್ಮನನ್ನು ಲೆಕ್ಕದಿಂದ ಬಿಡುತ್ತಾರೆ, ನಿಜ. ಆದರೆ ಅದು ಅಮ್ಮನ ಕಾಯಿಲೆಗೆ ಸಿಕ್ಕಿದ್ದು, ಅಪ್ಪನ ಕೆಲಸಕ್ಕೆ ಅಲ್ಲ. ಅಲ್ಲೂ ಮಗ ನೋಡಿಕೊಂಡರೆ ಇಬ್ಬರೂ ಲೆಕ್ಕದಿಂದ ಹೊರಗೆ, ಅರ್ಧ ಬಿಲ್ ಸಾಕು. ಅಪ್ಪ ನೋಡಿಕೊಂಡರೆ ಮುಕ್ಕಾಲು ಕಟ್ಟಬೇಕು.

(ಈ ಲೆಕ್ಕ ಹೊಸದು ಅನ್ನಿಸಿದರೆ ವಿಡಿಯೋವನ್ನು ನಿಮ್ಮ ಊರಿನ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಕಳಿಸಿ. ಸಬ್‌ಸ್ಕ್ರೈಬ್ ಕೂಡ ಮಾಡಿ. ನೀವು ಕಳಿಸಿದರೇ ಇದು ವಯಸ್ಸಾದವರ ಫೋನ್ ತನಕ ಹೋಗುವುದು.)

ಇನ್ನೊಂದು ವಾದ ಇದೆ. ಗಂಡ ಹೆಂಡತಿ ಹೇಗಿದ್ದರೂ ಒಂದೇ ಮನೆಯಲ್ಲಿ ಇರುತ್ತಾರೆ, ಆರೈಕೆಗೆಂದು ಬಂದು ಸೇರಿಕೊಂಡವರಲ್ಲ ಅಂತ. ಹುಟ್ಟಿದಾಗಿನಿಂದ ಅಮ್ಮನ ಮನೆಯಲ್ಲೇ ಇರುವ ಮಗನನ್ನು ಹಾಗೆ ಕೇಳುತ್ತಾರಾ? ಇಲ್ಲ. ಹಾಗಾದರೆ ಅಪ್ಪನನ್ನು ಮಾತ್ರ ಯಾಕೆ?

ಕೌನ್ಸಿಲ್‌ಗಳ ಹತ್ತಿರ ದುಡ್ಡಿಲ್ಲ ಅನ್ನುತ್ತಾರೆ. ಗೊತ್ತು. 2023ರಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ಲೇ ಖರ್ಚಿಗೆ ದುಡ್ಡು ಸಾಲುವುದಿಲ್ಲ ಅನ್ನುವ ಸೆಕ್ಷನ್ 114 ನೋಟಿಸ್ ಹೊರಡಿಸಿ ಕೈಚೆಲ್ಲಿತು. ಹಾಗಂತ ಆ ಹಳ್ಳವನ್ನು ಹೆಂಡತಿಯ ಡಯಾಪರ್ ಬದಲಿಸುವ ಮುದುಕ ತುಂಬಬೇಕಾ? ಆ ಮನುಷ್ಯ ಕೈಬಿಟ್ಟರೆ ಕೇರ್ ಹೋಮಿನ ಖರ್ಚು ಎಷ್ಟೋ ಸಲ ಅದೇ ಕೌನ್ಸಿಲ್ ತಲೆಗೆ ಬರುತ್ತದೆ! ಇಷ್ಟು ಸುಲಭದ ಲೆಕ್ಕ ಯಾಕೆ ತಲೆಗೆ ಹೋಗುವುದಿಲ್ಲ?

ಕರ್ತವ್ಯ, ಕರ್ತವ್ಯ! ಮಗನಿಗೂ ಕರ್ತವ್ಯ ಇಲ್ವಾ? ಮಗಳಿಗೆ ಇಲ್ವಾ? ಅವರಿಗೆ ಕೊಡುವಾಗ ಯಾರೂ ಕರ್ತವ್ಯದ ಮಾತು ಎತ್ತುವುದಿಲ್ಲ. ಸುಮ್ನೆ ಕೊಡುತ್ತಾರೆ, ಕೊಡಲೇಬೇಕು. ಮದುವೆಯಾದವರು ಮಾತ್ರ ಪುಕ್ಕಟೆಯಾಗಿ ದುಡಿಯಬೇಕಾ?

ಆ ಸಾಲನ್ನು ತೆಗೆಯಿರಿ. ಗಂಡ ಹೆಂಡತಿ ಅನ್ನುವ ಆ ಸಾಲನ್ನು ತೆಗೆದುಹಾಕಿ. ನನಗೆ ಬೇಕಾಗಿರುವುದು ಅಷ್ಟೇ.

ಅಲ್ಲಿಯತನಕ ಒಂದು ಕೆಲಸ ಮಾಡಿ. 1992ರ ಲೋಕಲ್ ಗವರ್ನಮೆಂಟ್ ಫೈನಾನ್ಸ್ ಆಕ್ಟ್‌ನಲ್ಲಿ ಸೆಕ್ಷನ್ 13ಎ ಅಂತ ಇದೆ. ಕೌನ್ಸಿಲ್ ಮನಸ್ಸು ಮಾಡಿದರೆ ಅದರ ಕೆಳಗೆ ಯಾರ ಬಿಲ್ ಬೇಕಾದರೂ ಇಳಿಸಬಹುದು. ಆ ಸೆಕ್ಷನ್ ಹೆಸರು ಹಾಕಿ ಪತ್ರ ಬರೆಯಿರಿ. ನಿಮ್ಮ ಕೌನ್ಸಿಲರ್‌ಗೂ ಒಂದು ಪ್ರತಿ ಕಳಿಸಿ. ಇಲ್ಲ ಅಂದರೆ ಮತ್ತೆ ಬರೆಯಿರಿ. ಏನು ಉತ್ತರ ಬಂತು ಅಂತ ಕಾಮೆಂಟಿನಲ್ಲಿ ಹಾಕಿ, ನಾನು ಒಂದೊಂದನ್ನೂ ಓದುತ್ತೇನೆ. ಮುಂದಿನ ವಾರ ಅಟೆಂಡೆನ್ಸ್ ಅಲೋವೆನ್ಸ್ ಫಾರ್ಮ್ ತುಂಬುವುದು ಹೇಗೆ ಅಂತ ನೋಡೋಣ. ಅಪ್ಪ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.